ಯಾರು ಚಿಮ್ಮೋದು, ಟೀಚರ್?

ನಮ್ಮೂರಲ್ಲಿ ಅಡುಗೆ ಕೆಲಸಕ್ಕೆ ಯಾರನ್ನಾದರೂ ಗೊತ್ತುಮಾಡುವಾಗ ಕೈರುಚಿ ಕೇಳುವುದಿಲ್ಲ, ಮೊದಲು ಕವಡೆ ಹಾಕಿಸುತ್ತಾರೆ. ಕವಡೆ ಅಂಗಾತ ಬಿದ್ದರೆ ಬಡಿಸುವ ಕೆಲಸ, ಬೋರಲು ಬಿದ್ದರೆ ಪಾತ್ರೆ ತೊಳೆಯುವ ಕೆಲಸ. ಅಂಗಾತದವರ ಕೈಯಿಂದ ಜಾರಿದ ತಟ್ಟೆ ಅಂಗಾತವೇ ಬೀಳುವುದರಿಂದ ಅನ್ನ ನೆಲದ ಪಾಲಾಗುವುದಿಲ್ಲ. ಬೋರಲಿನವರ ಕೈಯಿಂದ ಬಿದ್ದದ್ದೆಲ್ಲ ಮುಖ ಕೆಳಗಾಗಿಯೇ ಬೀಳುತ್ತದೆ, ಹಾಗಾಗಿ ಮನೆಗಳಿಗೆ ಹೆಂಚು ಹೊದಿಸುವುದು ಅವರ ಕೆಲಸ. ಇದರಲ್ಲಿ ಮೇಲು ಕೀಳು ಅಂತ ಏನೂ ಇಲ್ಲ. ಪ್ರತಿ ಮನೆಯ ಹೊಸ್ತಿಲಿಗೂ ಮನೆಮಂದಿಯ ಕವಡೆಗಳನ್ನು ಅರಗಿನಿಂದ ಅಂಟಿಸಿರುತ್ತಾರೆ. ಕೆಲವು ಬಾಯಿ ಮೇಲಾಗಿ, ಕೆಲವು ಬೆನ್ನು ಮೇಲಾಗಿ. ಹೆಣ್ಣು ನೋಡಲು ಬಂದವರು ಹೊಸ್ತಿಲು ನೋಡಿಯೇ ಒಳಗೆ ಕಾಲಿಡುತ್ತಾರೆ, ಯಾಕೆಂದರೆ ಅಂಗಾತದವರಿಗೆ ಬೋರಲಿನವರನ್ನೇ ತರಬೇಕು. ಹೊರಗಿನಿಂದ ಬಂದು ನೆಲೆಸಿದವರು ಕೂಡ ಒಂದು ಮಳೆಗಾಲ ಇಲ್ಲಿನ ನೀರು ಕುಡಿದರೆ ಯಾವುದಾದರೂ ಒಂದು ಕಡೆಗೆ ನಿಂತುಬಿಡುತ್ತಾರೆ.

ನಾನು ಇಲ್ಲಿಯೇ ಹುಟ್ಟಿ ಬೆಳೆದೂ ನಿಲ್ಲಲಿಲ್ಲ. ನಾಮಕರಣದ ದಿನ ನನ್ನ ಮುಷ್ಟಿಯಿಂದ ಬಿದ್ದ ಕವಡೆ ಅಂಗಾತ ಬಿದ್ದಿತ್ತಂತೆ, ಬಂದವರೆಲ್ಲ ನೋಡಿದ್ದರಂತೆ. ನಾನು ಅಂಬೆಗಾಲಿಡುವ ಹೊತ್ತಿಗೆ ಒಂದು ಸಂಜೆ ಹಾಲಿನ ಬಟ್ಟಲನ್ನು ಎಸೆದು ಎಸೆದು ಆಡುತ್ತಿದ್ದೆನಂತೆ. ಬಟ್ಟಲು ಒಮ್ಮೆ ಹಾಗೆ, ಒಮ್ಮೆ ಹೀಗೆ ಬೀಳುವುದನ್ನು ಕಂಡ ಅವ್ವ ಎದ್ದುಹೋಗಿ ಬೀದಿಬಾಗಿಲು ಹಾಕಿದಳಂತೆ. ಅಂಥವರನ್ನು ನಮ್ಮೂರಲ್ಲಿ ಅತ್ತಿತ್ತದವರು ಅನ್ನುತ್ತಾರೆ. ಅಂಥವರು ನಿಜವಾಗಿ ಯಾರೂ ಇಲ್ಲ ಎಂದೇ ಎಲ್ಲರೂ ತಿಳಿದಿರುವುದರಿಂದ ಆ ಮಾತು ಬೈಗುಳಕ್ಕೆ ಮಾತ್ರ ಬಳಕೆಯಲ್ಲಿದೆ. ಕೊಟ್ಟ ಮಾತಿಗೆ ನಿಲ್ಲದವನನ್ನು, ಗಂಡನ ಮನೆಯಲ್ಲಿ ನಿಲ್ಲದವಳನ್ನು ಹಾಗೆ ಬೈಯುತ್ತಾರೆ. ಬೀದಿಯಲ್ಲಿ ಯಾರು ಯಾರನ್ನೇ ಬೈದರೂ ನಾನು ತಲೆತಗ್ಗಿಸಿ ಬೇಗ ನಡೆಯುತ್ತಿದ್ದೆ.

ಅವ್ವ ನನಗೆ ಅಕ್ಷರ ಬರುವ ಮುಂಚೆಯೇ ಕವಡೆ ಬಿಡುವುದನ್ನು ಕಲಿಸಿದಳು. "ಕೈ ಕೆಳಗೆ ತಗಾ. ಇನ್ನೂ ಕೆಳಗೆ. ನೆಲ ಮುಟ್ಟೋ ಹಂಗೆ. ಬಿಡಬ್ಯಾಡ, ಇಡು. ನೋಡೋರಿಗೆ ಬಿಟ್ಟಂಗೆ ಕಾಣ್ಬೇಕು ಅಷ್ಟೆ." ಎಂಟನೇ ತರಗತಿಯಲ್ಲಿ ಹುಡುಗಿಯರು ಬಿಡುವಿನಲ್ಲಿ ನಿಂತುಕೊಂಡು ಕವಡೆ ಎಸೆಯುವ ಆಟ ಶುರುಮಾಡಿದಾಗ ಅವ್ವ ನನ್ನನ್ನು ಶಾಲೆ ಬಿಡಿಸಿದಳು. ಹೆಡ್‌ಮಾಸ್ಟರ ಹತ್ತಿರ ಕಣ್ಣಿನ ತೊಂದರೆ ಅಂದಳು. ನನ್ನ ಕಣ್ಣುಗಳಿಗೆ ಏನೂ ಆಗಿರಲಿಲ್ಲ, ಬೇಕಾದ್ದಕ್ಕಿಂತ ಹೆಚ್ಚೇ ಕಾಣುತ್ತಿದ್ದವು. ಮುಂದೆ ಅದೇ ಶಾಲೆಯ ಬಿಸಿಯೂಟದ ಅಡುಗೆಮನೆಗೆ ಬಡಿಸುವವಳಾಗಿ ಸೇರಿದೆ. ಅಲ್ಲಿ ಕವಡೆ ಹಾಕಿಸಿದ್ದು ಮುಖ್ಯ ಅಡುಗೆಯವಳಾದ ರುದ್ರವ್ವ. ಚಾಪೆಯ ಮೇಲೆ ಕೂತು ಹಾಕಿದೆ. ಅಂದಿನಿಂದ ನಾನು ಒಂದು ಚಮಚವನ್ನೂ ಕೈಜಾರಿ ಬೀಳಿಸಿರಲಿಲ್ಲ. ಬೇರೆ ಹುಡುಗಿಯರು ಮಾತಾಡುತ್ತ, ನಗುತ್ತ ಸಾರಿನ ಬಕೆಟ್ ಹಿಡಿದು ಓಡಾಡುವುದನ್ನು ನೋಡಿದರೆ ನನಗೆ ಅವರೆಲ್ಲ ಸೀರೆ ಇಲ್ಲದೆ ನಡೆಯುತ್ತಿದ್ದಾರೋ ಅನ್ನಿಸುತ್ತಿತ್ತು, ಅಷ್ಟು ಧೈರ್ಯ ಅವರಿಗೆ.

ಹಿಟ್ಟಿನ ಗಿರಣಿಯ ಗಂಗರಾಜುವಿನ ಜೊತೆ ನನ್ನ ಮದುವೆ ನಿಶ್ಚಯವಾಗಿತ್ತು. ಅವನು ಬೋರಲು. ಗಿರಣಿಯ ಸದ್ದಿನಲ್ಲಿ ಬೆಳೆದವನಾದ್ದರಿಂದ ಎಂಥ ಮಾತನ್ನೂ ಕೂಗಿಯೇ ಹೇಳುತ್ತಿದ್ದ. ನೋಡಲು ಬಂದ ದಿನ ಹಿತ್ತಿಲಲ್ಲಿ ನನ್ನೊಬ್ಬಳನ್ನೇ ನಿಲ್ಲಿಸಿಕೊಂಡು ಮೆತ್ತಗೆ ಕೇಳುತ್ತಿದ್ದೇನೆ ಅಂದುಕೊಂಡು, "ನಿಂಗೆ ನಾನು ಇಷ್ಟಾನಾ?" ಎಂದು ಕೇಳಿದ. ಪಕ್ಕದ ಮನೆಯವರು ಗೋಡೆಯಾಚೆಯಿಂದ, "ಹೂ ಅನ್ನವ್ವ" ಎಂದರು. ನಾನು ಹೂ ಅಂದೆ. ಅವನ ರೆಪ್ಪೆಗಳ ಮೇಲೆ ಸಣ್ಣಗೆ ರಾಗಿಹಿಟ್ಟು ಕೂತಿತ್ತು. ಪದ್ಧತಿಯಂತೆ ಅವನ ತಂಗಿ ತನುಜ ತನ್ನಣ್ಣನ ಕವಡೆಯನ್ನು ತಂದು ನಮ್ಮ ಹೊಸ್ತಿಲಲ್ಲಿ ನನ್ನ ಕವಡೆಯ ಪಕ್ಕಕ್ಕೆ ಅಂಟಿಸಿದಳು. ಅವಳು ಹತ್ತನೇ ತರಗತಿ. ಇನ್ನು ಮದುವೆಗೆ ಮುಂಚೆ ನಾನು ನಾಲ್ಕು ಜನರ ಮುಂದೆ ಕವಡೆ ಹಾಕುವ ಶಾಸ್ತ್ರವೊಂದು ಉಳಿದಿತ್ತು. ನಮ್ಮ ಮನೆತನದಲ್ಲಿ ಮಣೆಯ ಮೇಲೆ ಕೂತು ಹಾಕುವುದೇ ರೂಢಿ ಎಂದು ಅವ್ವ ಗಂಡಿನವರನ್ನು ಒಪ್ಪಿಸಿದ್ದಳು. ದಿನಾ ದೀಪ ಹಚ್ಚಿದ ಮೇಲೆ ಬಾಗಿಲು ಹಾಕಿ ನನ್ನನ್ನು ಮಣೆಯ ಮೇಲೆ ಕೂರಿಸಿ ಅಭ್ಯಾಸ ಮಾಡಿಸುತ್ತಿದ್ದಳು. ಆಗ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

ಆ ವರ್ಷ ಶಾಲೆಗೆ ಅನಸೂಯ ಟೀಚರ್ ಬಂದಿದ್ದರು. ಗಣಿತದವರು, ಹೊರಗಿನವರು. ಅಡುಗೆಮನೆಯ ಕಿಟಕಿಗೆ ಹತ್ತನೇ ತರಗತಿಯ ಕಿಟಕಿ ಎದುರಾಗಿಯೇ ಇದ್ದುದರಿಂದ ಅಕ್ಕಿ ಆರಿಸುತ್ತ ನಾನು ಅವರ ಪಾಠಗಳನ್ನೆಲ್ಲ ಕೇಳುತ್ತಿದ್ದೆ. ಚಳಿಗಾಲದಲ್ಲಿ ಒಂದು ದಿನ ಅವರು ಹಲಗೆಯ ಮೇಲೆ ಸಂಭವನೀಯತೆ ಎಂದು ಬರೆದು ಅದರ ಕೆಳಗೆ ಗೆರೆ ಎಳೆದರು. ಚೀಲದಿಂದ ಒಂದು ನಾಣ್ಯ ತೆಗೆದು ತೋರಿಸಿ, "ಇದನ್ನು ಚಿಮ್ಮಿದಾಗ ಸಿಂಹ ಬೀಳುವ ಸಂಭವನೀಯತೆ ಎಷ್ಟು, ಯಾರು ಹೇಳುತ್ತೀರಿ?" ಎಂದರು.

ಹಿಂದಿನ ಬೆಂಚಿನ ಪರಶಿವ ಎದ್ದುನಿಂತ. "ಯಾರು ಚಿಮ್ಮೋದು, ಟೀಚರ್?"

"ಯಾರಾದರೇನು?"

"ಹಂಗಂದ್ರೆ ಹೆಂಗೆ ಟೀಚರ್. ನಾನು ಅಂಗಾತ, ಚಿಮ್ಮಿದ್ರೆ ಒಂದು. ಈ ಮುರುಗೇಶ ಬೋರಲು, ಚಿಮ್ಮಿದ್ರೆ ಸೊನ್ನೆ. ಹೆಸರೇ ಕೊಡ್ದೆ ಲೆಕ್ಕ ಮಾಡು ಅಂದ್ರೆ ಪ್ರಶ್ನೆನೇ ತಪ್ಪು."

ಅವನು ತಮಾಷೆಗೆ ಹೇಳಿರಲಿಲ್ಲ. ಪಬ್ಲಿಕ್ ಪರೀಕ್ಷೆಯಲ್ಲಿ ನಮ್ಮೂರ ಮಕ್ಕಳು ಪ್ರತಿ ವರ್ಷ ಆ ಪ್ರಶ್ನೆಗೆ 'ಚಿಮ್ಮುವವರ ಹೆಸರು ನೀಡಿಲ್ಲ' ಎಂದು ಬರೆದು ಬರುತ್ತಿದ್ದರು. ಹಿಂದಿನ ಮೇಷ್ಟ್ರು ಸಾಕಾಗಿ, ನಾಣ್ಯ ಅಂತ ಕಂಡರೆ ಕಣ್ಣು ಮುಚ್ಚಿ ಅರ್ಧ ಅಂತ ಬರೀರಿ, ಯಾಕೆ ಅಂತ ಮಾತ್ರ ನನ್ನನ್ನು ಕೇಳಬೇಡಿ ಎಂದು ಕೈಮುಗಿದಿದ್ದರಂತೆ. ಅನಸೂಯ ಟೀಚರ್ ಅದಕ್ಕೆ ಒಪ್ಪುವವರಾಗಿರಲಿಲ್ಲ. ತಾವೇ ಚಿಮ್ಮಿ ತೋರಿಸಿದರು. ಅಂಕಿ ಬಿತ್ತು. ಮತ್ತೆ ಚಿಮ್ಮಿದರು, ಅಂಕಿ. ಚಿಮ್ಮಿದಷ್ಟೂ ಅಂಕಿ. ಅವರು ಬಂದು ಒಂದು ಮಳೆಗಾಲ ಕಳೆದಿತ್ತು. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಸಂತೋಷದಿಂದ, "ಟೀಚರ್ ನಮ್ಮೋರು, ಬೋರಲು" ಅಂದಳು. ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ಟೀಚರ್ ತಮ್ಮ ಅಂಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು.

ಮರುದಿನ ಅವರು ನಾಣ್ಯವನ್ನು ಹೊರಗೆ ತೆಗೆಯಲೇ ಇಲ್ಲ. ಹಲಗೆಯ ಮೇಲೆ ಒಂದು ವೃತ್ತ ಬರೆದು, "ಇವತ್ತು ಯಾರೂ ಏನೂ ಚಿಮ್ಮುವುದು ಬೇಡ. ಯೋಚನೆ ಮಾಡಿದರೆ ಸಾಕು. ಇದಕ್ಕೆ ಎಷ್ಟು ಮುಖ?" ಎಂದರು.

"ಎರಡು."

"ಒಂದು ಮುಖ ಇನ್ನೊಂದಕ್ಕಿಂತ ಭಾರವಾಗಿದೆಯೇ?"

"ಇಲ್ಲ."

"ಹಾಗಾದರೆ ಸಿಂಹ ಬೀಳಲು ಎಷ್ಟು ಕಾರಣವಿದೆಯೋ ಅಂಕಿ ಬೀಳಲೂ ಅಷ್ಟೇ ಇದೆ. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಆಗಬಹುದಾದದ್ದು ಎರಡು, ನಾವು ಕೇಳುತ್ತಿರುವುದು ಅವುಗಳಲ್ಲಿ ಒಂದನ್ನು. ಆದ್ದರಿಂದ ಎರಡರಲ್ಲಿ ಒಂದು, ಅರ್ಧ. ಒಂದು ಸಲವೂ ಚಿಮ್ಮದೆ ಕೂತಲ್ಲಿಯೇ ತಿಳಿಯಬಹುದು. ಇದಕ್ಕೆ ಸೈದ್ಧಾಂತಿಕ ಸಂಭವನೀಯತೆ ಎನ್ನುತ್ತಾರೆ. ಎರಡು ಮುಖಕ್ಕೂ ಸಮಾನ ಅವಕಾಶ, ಅಷ್ಟೇ. ಇದಕ್ಕಿಂತ ಸಹಜವಾದದ್ದು ಏನಿದೆ?"

ನನ್ನ ಮೈಮೇಲಿನ ಬಟ್ಟೆಯನ್ನು ಯಾರೋ ಎಳೆದಂತಾಯಿತು. ನಾನೂ ಅವ್ವನೂ ಬಾಗಿಲು ಹಾಕಿಕೊಂಡು ಮುಚ್ಚಿಟ್ಟದ್ದನ್ನು ಒಬ್ಬ ಹೊರಗಿನ ಹೆಂಗಸು ಸೀಮೆಸುಣ್ಣದಲ್ಲಿ ಬರೆದು, ಸಹಜ ಅನ್ನುತ್ತಿದ್ದಳು. ಸಂತೋಷವಾಗಬೇಕಿತ್ತೇನೋ. ಆಗಲಿಲ್ಲ. ಕಿವಿ ಬಿಸಿಯಾಯಿತು, ಮೊರದ ಮೇಲಿನ ಅಕ್ಕಿ ಕಾಣದಂತಾಯಿತು.

ಪರಶಿವ ಮತ್ತೆ ಎದ್ದ. "ನಾಣ್ಯ ಸರಿ ಟೀಚರ್. ಕೈ ಯಾರ್ದು?"

"ಯಾವ ಕಡೆಗೂ ವಾಲದ ಕೈ ಅಂದುಕೋ."

"ಅಂಥ ಕೈ ಎಲ್ಲೈತೆ ಟೀಚರ್? ಅತ್ತಿತ್ತದವರದ್ದಾ?"

ತರಗತಿಯೆಲ್ಲ ನಕ್ಕಿತು. ಟೀಚರ್ ಹಾಗೆಂದರೇನು ಎಂದು ಕೇಳಿದರು. ಯಾರೂ ಹೇಳಲಿಲ್ಲ, ಹುಡುಗಿಯರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು. ಆಗ ನನ್ನ ಕಣ್ಣು ತನುಜಳ ಮೇಲೆ ಬಿತ್ತು. ಅವಳು ಎಲ್ಲರಿಗಿಂತ ಸ್ವಲ್ಪ ತಡವಾಗಿ ನಗಲು ಶುರುಮಾಡಿದ್ದಳು. ಎಲ್ಲರೂ ನಿಲ್ಲಿಸಿದ ಮೇಲೆ ಅವಳೂ ನಿಲ್ಲಿಸಿದಳು. ಅಂಥ ನಗು ಹೇಗೆ ನಗಬೇಕೆಂದು ನನಗೆ ಚೆನ್ನಾಗಿ ಗೊತ್ತಿತ್ತು.

"ಅಕ್ಕಿಲಿ ಕಲ್ಲು ಆರಿಸ್ತಿದೀಯೋ, ಕಲ್ಲಲ್ಲಿ ಅಕ್ಕಿ ಆರಿಸ್ತಿದೀಯೋ?" ಎಂದು ರುದ್ರವ್ವ ಹಿಂದಿನಿಂದ ಕೇಳಿದಳು. "ಮದ್ವೆ ಹುಡ್ಗಿಗೆ ಕಿಟಕಿ ಬಿಟ್ರೆ ಬೇರೇನೂ ಕಾಣಕ್ಕಿಲ್ಲ."

ಅದರ ಮರುದಿನ ಟೀಚರ್ ಬೆಂಚು ಬೆಂಚಿಗೂ ಒಂದೊಂದು ನಾಣ್ಯ ಕೊಟ್ಟು ಡೆಸ್ಕಿನ ಮೇಲೆ ಚಿಮ್ಮಿಸಿದರು. ತನುಜಳ ಸರದಿ ಬಂದಾಗ ನೋಡಿದೆ. ಅವಳ ಕೈ ಡೆಸ್ಕಿಗೆ ತಾಗುವಷ್ಟು ಕೆಳಗಿತ್ತು. ಚಿಮ್ಮಿದಂತೆ ಮಾಡಿ ಇಟ್ಟಳು. ಪಕ್ಕದವಳು ಅದನ್ನು ನೋಡದೆ, ಬೋರಲು ಎಂದು ಬರೆದುಕೊಂಡಳು. ಟೀಚರ್ ಕೂಡ ಅವಳನ್ನು ಗಮನಿಸಲಿಲ್ಲ, ಆದರೆ ಅವರಿಗೆ ಬೇರೆ ಯೋಚನೆ ಹೊಳೆದಿತ್ತು. "ಇದೆಲ್ಲ ನಿಮ್ಮ ಬೆರಳಿನ ಅಭ್ಯಾಸ ಇರಬೇಕು. ನಾಳೆ ಒಬ್ಬೊಬ್ಬರೇ ಬೆಂಚಿನ ಮೇಲೆ ನಿಂತು, ಕೈಯನ್ನು ತಲೆಗಿಂತ ಮೇಲೆ ಎತ್ತಿ ಚಿಮ್ಮಬೇಕು. ನೆಲದ ಮೇಲೆ ತಾನಾಗಿಯೇ ಬೀಳಲಿ. ಯಾರೂ ತಪ್ಪಿಸಿಕೊಳ್ಳುವಂತಿಲ್ಲ," ಅಂದರು. ಮಕ್ಕಳಿಗೆ ಬೆಂಚು ಹತ್ತುವುದೇ ಖುಷಿಯಾಯಿತು.

ಊಟದ ಗಂಟೆ ಹೊಡೆದಾಗ ತನುಜ ಸಾಲಿನಲ್ಲಿ ಬರಲಿಲ್ಲ. ನೀರಿನ ಟ್ಯಾಂಕಿನ ಹಿಂದೆ ಗೋಡೆಗೆ ಹಣೆ ಒತ್ತಿಕೊಂಡು ನಿಂತಿದ್ದಳು.

"ಹೊಟ್ಟೆ ನೋವಾ?" ಎಂದೆ.

"ಹೂಂ, ನೀಲಕ್ಕ."

ನನಗೇ ತಿಳಿಯದಂತೆ, "ಬೆಂಚಿನ ಮೇಲಿಂದ ಇಡೋಕಾಗಲ್ಲ," ಅಂದುಬಿಟ್ಟೆ.

ಅವಳು ತಿರುಗಿದಳು. ನನ್ನನ್ನು ಅಷ್ಟು ನೇರವಾಗಿ ಯಾರೂ ನೋಡಿರಲಿಲ್ಲ. ನಾನು ಕಣ್ಣು ತಗ್ಗಿಸಿದೆ, ಅವಳಿಗೆ ಅದೇ ಉತ್ತರವಾಯಿತು.

"ನಿಮಗೆ ಯಾರು ಹೇಳ್ಕೊಟ್ರು?"

"ಅವ್ವ. ನಿಂಗೆ?"

"ನಮ್ಮವ್ವಾನೇ. ಅಪ್ಪಂಗೆ ಗೊತ್ತಿಲ್ಲ. ಅಣ್ಣಂಗೂ." ಅವಳು ಗೋಡೆಯ ಸುಣ್ಣವನ್ನು ಉಗುರಿನಿಂದ ಕೆರೆದಳು. "ನಾಳೆಯಿಂದ ಬರಲ್ಲ ನಾನು. ಜ್ವರ ಅಂತೀನಿ."

"ನಾಡಿದ್ದು?"

"ನಾಡಿದ್ದೂ ಜ್ವರ." ಆಮೇಲೆ ತಾನೇ ಸಣ್ಣಗೆ ನಕ್ಕಳು. "ಗಣಿತದಲ್ಲಿ ನಾನೇ ಫಸ್ಟು, ಗೊತ್ತಾ? ಟೀಚರ್ ಅರ್ಧ ಅಂದ ತಕ್ಷಣ ನಂಗೊಬ್ಬಳಿಗೇ ಅರ್ಥ ಆಗಿದ್ದು. ಕೈ ಎತ್ತಲಿಲ್ಲ."

ಓದು ಬಿಟ್ಟ ಹುಡುಗಿ ಮಾಡುವ ಕೆಲಸಗಳೆಲ್ಲ ನನಗೆ ಗೊತ್ತಿದ್ದವು. ಅಕ್ಕಿ, ಮೊರ, ಕಿಟಕಿ. ನಾಳೆ ಒಂದು ದಿನ ಬಂದು ಕೂತ್ಕೋ, ಏನಾದರೂ ಮಾಡೋಣ ಎಂದೆ. ಏನು ಮಾಡುತ್ತೇನೆಂದು ನನಗೆ ಗೊತ್ತಿರಲಿಲ್ಲ. ಆ ರಾತ್ರಿ ಅವ್ವ ಮಣೆ ಹಾಕಿದಾಗ ನಾನು ಎಂದಿನಂತೆ ಕೂತು ಎಂದಿನಂತೆಯೇ ಇಟ್ಟೆ. ಅವ್ವ, "ಈಗ ಪರವಾಗಿಲ್ಲ," ಎಂದು ಸೆರಗಿನಿಂದ ನನ್ನ ಹಣೆ ಒರೆಸಿದಳು. ಅವಳು ಅಷ್ಟು ಸಮಾಧಾನದಿಂದ ಇದ್ದದ್ದನ್ನು ನಾನು ಎಂದೂ ಕಂಡಿರಲಿಲ್ಲ.

ಮರುದಿನ ತನುಜ ಬಂದಿದ್ದಳು. ನಾನು ಹಾಲಿನ ಲೋಟಗಳ ತಟ್ಟೆ ಹಿಡಿದು ತರಗತಿಯ ಬಾಗಿಲಲ್ಲಿ ನಿಂತಿದ್ದೆ. ಒಬ್ಬೊಬ್ಬರೇ ಬೆಂಚು ಹತ್ತಿ ನಾಣ್ಯವನ್ನು ಜಂತೆಗೆ ತಾಗುವಂತೆ ಚಿಮ್ಮುತ್ತಿದ್ದರು. ನಾಣ್ಯ ಸಿಮೆಂಟ್ ನೆಲದ ಮೇಲೆ ಟಣ್ಣೆಂದು ಪುಟಿದು, ಸುತ್ತಿ, ಅವರವರ ಕಡೆಗೇ ಬೀಳುತ್ತಿತ್ತು. ಮಕ್ಕಳು ಬೀಳುವ ಮೊದಲೇ ಉತ್ತರ ಕೂಗುತ್ತಿದ್ದರು. ಟೀಚರ್ ಪ್ರತಿ ಸಲವೂ ಬಗ್ಗಿ ನೋಡಿ ಎದ್ದುನಿಲ್ಲುತ್ತಿದ್ದರು. ತನುಜಳ ಬೆಂಚಿನ ಸರದಿ ಬಂತು. ಅವಳ ಪಕ್ಕದವಳು ಹತ್ತಿ ಇಳಿದಳು. ನಾನು ಲೋಟದ ತಟ್ಟೆಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟೆ.

"ಟೀಚರ್, ನಾನು ಹಾಕ್ಲಾ?"

ನನ್ನ ದನಿಯನ್ನು ಆ ಮಕ್ಕಳು ಕೇಳಿದ್ದು ಕಡಿಮೆ. ಎಲ್ಲರೂ ತಿರುಗಿದರು. ಟೀಚರ್‌ಗೂ ಆಶ್ಚರ್ಯವಾಗಿರಬೇಕು, ಬಾ ಎಂದು ನಾಣ್ಯ ಕೊಟ್ಟರು. ನಾನು ತನುಜಳ ಬೆಂಚನ್ನೇ ಹತ್ತಿದೆ. ಸೀರೆಯ ಅಂಚು ಒದ್ದೆಯಾಗಿತ್ತು, ಪಾದಗಳಿಗೆ ಮಸಿ ಅಂಟಿತ್ತು. ಅಷ್ಟು ಎತ್ತರದಿಂದ ನಾನು ಏನನ್ನೂ ಬಿಟ್ಟವಳಲ್ಲ. ಕೈ ಎತ್ತಿ ಚಿಮ್ಮಿ, ಕಣ್ಣು ಮುಚ್ಚಿಕೊಂಡೆ.

ಸಿಂಹ ಬಿತ್ತು. ಮತ್ತೆ ಚಿಮ್ಮಿದೆ. ಸಿಂಹ. ಮತ್ತೊಮ್ಮೆ. ಆಗಲೂ ಸಿಂಹ. ಎಷ್ಟೋ ವರ್ಷ ಬೇಡಿಕೊಂಡಾಗ ಬೀಳದಿದ್ದದ್ದು ಬೇಡದ ಹೊತ್ತಿನಲ್ಲಿ ಬೀಳುತ್ತಿತ್ತು. "ನೀಲಕ್ಕ ಅಂಗಾತ ಅಂತ ಊರಿಗೇ ಗೊತ್ತು, ಇಳೀರಿ, ಹಾಲು ಆರ್ತದೆ," ಎಂದ ಪರಶಿವ. ಟೀಚರ್ ನಿಟ್ಟುಸಿರು ಬಿಟ್ಟು, "ಸರಿ, ಇವರೂ ಹಾಗೆಯೇ. ಮುಂದೆ ಯಾರು? ತನುಜ," ಎಂದರು.

ನಾನು ಇಳಿಯಬಹುದಿತ್ತು. ಇಳಿದಿದ್ದರೆ ಊರೆಲ್ಲ ನೋಡಿದ ಹಾಗೆ, ಬೆಂಚಿನ ಮೇಲಿಂದಲೂ ಅಂಗಾತವೇ ಬೀಳಿಸಿದವಳು ಎನ್ನಿಸಿಕೊಳ್ಳುತ್ತಿದ್ದೆ. ಶಾಸ್ತ್ರವೂ ಬೇಕಾಗುತ್ತಿರಲಿಲ್ಲವೇನೋ. ಒಂದು ಕಾಲನ್ನು ಕೆಳಗೆ ಇಳಿಬಿಟ್ಟೂ ಇದ್ದೆ. ತನುಜ ಎದ್ದುನಿಂತಳು. ಅವಳ ಮುಖದಲ್ಲಿ ಕೋಪವಾಗಲಿ, ಅಳುವಾಗಲಿ ಇರಲಿಲ್ಲ. ಶಾಲೆ ಬಿಡಿಸಿದ ದಿನ ಬಾಗಿಲ ಹತ್ತಿರ ಚೀಲ ಇಳಿಸಿದಾಗ ನನಗೂ ಹಾಗೇ ಆಗಿತ್ತು, ಏನೂ ಅನ್ನಿಸಿರಲಿಲ್ಲ.

"ಇನ್ನೊಂದ್ಸಲ, ಟೀಚರ್," ಎಂದೆ.

ಈ ಸಲ ನಾಣ್ಯ ಬೆಂಚಿನ ಕಾಲಿಗೆ ತಾಗಿ ಸ್ವಲ್ಪ ದೂರ ಉರುಳಿ ಮಲಗಿತು. ಮುಂದಿನ ಸಾಲಿನವರು ಎಂದಿನಂತೆ ಸಿಂಹ ಎಂದು ಕೂಗಿ, ಬಗ್ಗಿ ನೋಡಿ, ಅಲ್ಲೇ ನಿಂತರು. ಅಂಕಿ ಬಿದ್ದಿತ್ತು. ಅಡುಗೆಮನೆಯಲ್ಲಿ ರುದ್ರವ್ವ ಒಗ್ಗರಣೆ ಹಾಕಿದ್ದು ಕೇಳಿಸಿತು. ನಾಣ್ಯದ ಹತ್ತಿರ ಇದ್ದ ಹುಡುಗಿ ತನ್ನ ಕಾಲುಗಳನ್ನು ಬೆಂಚಿನ ಮೇಲಕ್ಕೆ ಎತ್ತಿಕೊಂಡಳು. ಯಾರೂ ಅದನ್ನು ಎತ್ತಲಿಲ್ಲ. ಟೀಚರೇ ಓಡಿಬಂದು ಎತ್ತಿದರು.

"ನೋಡಿದಿರಾ? ನಾನು ಹೇಳಲಿಲ್ಲವಾ?" ಅವರ ಮುಖ ಅರಳಿತ್ತು. "ಇನ್ನೊಮ್ಮೆ ಚಿಮ್ಮು, ನೀಲವೇಣಿ. ಚಿಮ್ಮುತ್ತಲೇ ಇರು."

ಅವರ ಆ ಸಂತೋಷವನ್ನು ಸಹಿಸುವುದೇ ಎಲ್ಲಕ್ಕಿಂತ ಕಷ್ಟವಾಯಿತು. ಅವರು ಹಲಗೆಯ ಒಂದು ಕಡೆ ಸಿಂಹಕ್ಕೆ, ಒಂದು ಕಡೆ ಅಂಕಿಗೆ ಗೆರೆ ಎಳೆಯುತ್ತ ಹೋದರು. ನಾನು ಕೋತಿ ಆಡಿಸುವವನ ಕೋತಿಯಂತೆ ಬೆಂಚಿನ ಮೇಲೆ ನಿಂತು ಚಿಮ್ಮುತ್ತ ಹೋದೆ. ಆಮೇಲೆ ಮುರುಗೇಶ ಮೆಲ್ಲಗೆ, "ಈಗ ಸಿಂಹ," ಅಂದ. ಅಂಕಿ ಬಿತ್ತು. "ಛೆ," ಅಂದ. ಇನ್ನೊಬ್ಬಳು ಅಂಕಿ ಅಂದಳು. ಅಂಕಿಯೇ ಬಿತ್ತು. ಅವಳಿಗೆ ನಂಬಲಾಗಲಿಲ್ಲ, ತಾನೇ ಬೀಳಿಸಿದೆನೇನೋ ಎನ್ನುವಂತೆ ಕೈ ನೋಡಿಕೊಂಡಳು. ಆ ಮಕ್ಕಳ ಜನ್ಮದಲ್ಲಿ ಮುಂದೇನು ಬೀಳುತ್ತದೆಂದು ತಿಳಿಯದೆ ಕಾದದ್ದು ಅದೇ ಮೊದಲು. ಅವರು ಬೆಂಚುಗಳಿಂದ ಅರ್ಧ ಎದ್ದು, ಕತ್ತು ಚಾಚಿ, ನಾಣ್ಯ ಸುತ್ತುವುದನ್ನೇ ನೋಡುತ್ತಿದ್ದರು. ನನ್ನ ಮುಖ ಮಾತ್ರ ಯಾರೂ ನೋಡಲಿಲ್ಲ. ಗಂಟೆ ಹೊಡೆಯುವ ಹೊತ್ತಿಗೆ ಹಲಗೆಯ ಎರಡೂ ಕಡೆ ಗೆರೆಗಳು ಹೆಚ್ಚು ಕಡಿಮೆ ಒಂದೇ ಉದ್ದಕ್ಕೆ ಬಂದಿದ್ದವು. ಟೀಚರ್ ಅವುಗಳ ಕೆಳಗೆ ದೊಡ್ಡದಾಗಿ ಅರ್ಧ ಎಂದು ಬರೆದರು. ಉಳಿದವರು ಬೆಂಚು ಹತ್ತುವ ಅಗತ್ಯ ಇನ್ನಿಲ್ಲವೆಂದರು. ತನುಜ ಕೂತುಕೊಂಡಳು.

ನಾನು ಅಡುಗೆಮನೆಗೆ ಬರುವ ಮುಂಚೆಯೇ ಸುದ್ದಿ ಬಂದಿತ್ತು. ರುದ್ರವ್ವ ಸಾರಿನ ಬಕೆಟನ್ನು ತನ್ನ ಕಾಲಿನ ಹಿಂದೆ ಸರಿಸಿಕೊಂಡಿದ್ದಳು. ಕೆಟ್ಟವಳಲ್ಲ ಅವಳು, ಅವಳ ಕಣ್ಣಲ್ಲಿ ನೀರಿತ್ತು. "ಬೇಜಾರ್ ಮಾಡ್ಕಬ್ಯಾಡ ಕಣವ್ವ. ಒಂದಿನ ಸಾರು ತಟ್ಟೆಗೆ, ಒಂದಿನ ನೆಲಕ್ಕೆ ಅಂದ್ರೆ ನಾನು ಯಾರ್ಗೆ ಅಂತ ಉತ್ತರ ಹೇಳ್ಲಿ. ಪಾತ್ರೆ ತೊಳಿ. ಅದೂ ನೋಡ್ಕಂಡು ತೊಳಿ." ಮಧ್ಯಾಹ್ನ ಟೀಚರ್ ನನಗೆ ಧನ್ಯವಾದ ಹೇಳಲು ಬಂದವರು ನಾನು ಬೂದಿಯ ಮುಂದೆ ಕೂತಿದ್ದನ್ನು ಕಂಡು, ಇವತ್ತು ಬಡಿಸಲಿಲ್ಲವೇಕೆ ಎಂದರು. ರುದ್ರವ್ವ ಹೇಳಿದಳು. ಟೀಚರ್ ಬಾಗಿಲ ಚೌಕಟ್ಟು ಹಿಡಿದುಕೊಂಡರು. "ನನಗೆ ಯಾರೂ ಹೇಳಲಿಲ್ಲ," ಅಂದರು. ಅವರಿಗೂ ನಾಚಿಕೆಯಾಗಿತ್ತು. ಅದನ್ನು ಕಂಡು ನನಗೆ ಇನ್ನಷ್ಟು ನಾಚಿಕೆಯಾಯಿತು, ಅವರಿಗೆ ಕೂರಲು ಏನೂ ಇರಲಿಲ್ಲವೆಂದು ಬೇರೆ.

ಮನೆಗೆ ಹೋದಾಗ ಅವ್ವ ಮಣೆಯನ್ನು ಗೋಡೆಗೆ ಒರಗಿಸಿಟ್ಟಿದ್ದಳು. ಬೈಯಲಿಲ್ಲ. "ಯಾರಾದ್ರೂ ಹಿಡ್ಕಂಡು ಹತ್ತಿಸಿದ್ರಾ?" ಎಂದು ಒಮ್ಮೆ ಕೇಳಿದಳು. ಇಲ್ಲ ಅಂದೆ. ಆಮೇಲೆ ಅವಳು ನನ್ನೊಡನೆ ಮಾತಾಡಲಿಲ್ಲ. ನೀರು ತರಲು ಊರ ಹೆಂಗಸರು ಹೋಗಿಬಂದ ಮೇಲೆ ಹೋಗತೊಡಗಿದಳು.

ಗಂಡಿನವರು ಭಾನುವಾರ ಬಂದರು. ಗಂಗರಾಜು, ಅವನ ತಾಯಿ, ತನುಜ. ಅಂಟಿಸಿದವಳೇ ಬಂದು ಕವಡೆ ಬಿಡಿಸಿಕೊಂಡು ಹೋಗಬೇಕು, ಅದಕ್ಕೆ ಅವಳನ್ನು ಕರೆತಂದಿದ್ದರು. ಅವನ ತಾಯಿ ಒಳಗೆ ಕೂರಲಿಲ್ಲ, ಜಗಲಿಯ ಅಂಚಿನಲ್ಲೇ ಕೂತು, "ನಮ್ಮ ಕವಡೆ ನಮ್ಗೆ ಕೊಟ್ಬಿಡ್ರವ್ವ," ಎಂದಳು. ನಾನು ಅವಳ ಕೈಗಳನ್ನು ನೋಡಿದೆ. ಮಗಳಿಗೆ ಕೆಳಗೆ, ಇನ್ನೂ ಕೆಳಗೆ ಎಂದು ಕಲಿಸಿದ ಕೈಗಳು. ಅವು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡಿದ್ದವು. ಎದುರಿಗೆ ನನ್ನ ಅವ್ವನ ಕೈಗಳೂ ಹಾಗೆಯೇ ಇದ್ದವು. ಇಬ್ಬರೂ ನೆಲ ನೋಡುತ್ತಿದ್ದರು.

ಗಂಗರಾಜು ಮಾತ್ರ ನನ್ನನ್ನು ನೋಡಿದ. ರೆಪ್ಪೆಗಳನ್ನು ತೊಳೆದುಕೊಂಡು ಬಂದಿದ್ದ. "ಗೊತ್ತಿದ್ದೂ ಯಾಕೆ ಹತ್ತಿದೆ?" ಎಂದು ಕೇಳಿದ. ಮೆತ್ತಗೆ ಕೇಳಬೇಕೆಂದುಕೊಂಡಿದ್ದನೇನೋ, ಬೀದಿಗೆಲ್ಲ ಕೇಳಿಸಿತು. "ಹೇಳು. ಯಾರೂ ಕರೀಲಿಲ್ಲವಂತಲ್ಲ. ಏನಾದ್ರೂ ಕಾರಣ ಇದ್ರೆ ಹೇಳು, ನಾನು ಮನೇಲಿ ಮಾತಾಡ್ತೀನಿ. ಸುಮ್ಸುಮ್ನೆ ಹತ್ತೋಳಲ್ಲ ನೀನು."

ಪಕ್ಕದ ಮನೆಯವರು ಈ ಸಲ ಗೋಡೆಯಾಚೆಯಿಂದ ಏನೂ ಹೇಳಲಿಲ್ಲ. ಅವನ ತಾಯಿ ತಲೆ ಎತ್ತಿದಳು. ಟ್ಯಾಂಕಿನ ಹಿಂದೆ ಆಡಿದ ಮಾತನ್ನು ತನುಜ ಅವಳಿಗೆ ಹೇಳಿದ್ದಳೋ ಇಲ್ಲವೋ ನನಗೆ ಗೊತ್ತಿಲ್ಲ. ಆದರೆ ಆ ಮುಖದಲ್ಲಿದ್ದ ಭಯ ನನಗೆ ಗುರುತಿದ್ದದ್ದು, ಅದರೊಂದಿಗೇ ನಾನು ಬೆಳೆದಿದ್ದೆ. ತನುಜ ಹೊಸ್ತಿಲ ಹತ್ತಿರ ಕೂತು ಅರಗನ್ನು ಕೆರೆಯುತ್ತಿದ್ದವಳು ಕೈ ನಿಲ್ಲಿಸಿದಳು. ಉತ್ತರ ನನ್ನ ಬಾಯಲ್ಲೇ ಇತ್ತು. ಒಂದು ಹೆಸರು ಅಷ್ಟೆ.

"ಹಂಗೇ," ಅಂದೆ.

"ಹಂಗೇ ಅಂದ್ರೆ?"

"ಹಂಗೇ ಹತ್ತಿದೆ."

ಅವನು ಇನ್ನೂ ಸ್ವಲ್ಪ ಹೊತ್ತು ಕಾದ. ಆಮೇಲೆ ಅವನ ಮುಖ ಬಾಡಿತು. ನಾಚಿಕೆ ಇಲ್ಲದ ಹೆಣ್ಣು ಎಂದುಕೊಂಡಿರಬೇಕು. ಆಗ ನನ್ನಲ್ಲಿ ನಾಚಿಕೆ ಬಿಟ್ಟು ಬೇರೇನೂ ಇರಲಿಲ್ಲ. ಅವನ ತಾಯಿ ಎದ್ದಳು. ಹೋಗುವಾಗ ಅವ್ವನಿಗೆ, "ಒಪ್ಪಿಗೆ ಸೀರೆ ಇಟ್ಕಳ್ಲಿ ಬುಡಿ, ಹುಡ್ಗಿಗೇ ಇರ್ಲಿ," ಎಂದಳು. ಪದ್ಧತಿಯಂತೆ ಅದನ್ನು ವಾಪಸು ಒಯ್ಯಬೇಕಿತ್ತು. ಆ ಸೀರೆಯನ್ನು ನಾನು ಇಂದಿಗೂ ಉಟ್ಟಿಲ್ಲ.

ತಾಯಿ ಮಗ ಬೀದಿಗಿಳಿದರು. ತನುಜಳಿಗೆ ಅರಗು ಕೀಳಲು ಬಂದಿರಲಿಲ್ಲ, ನಾನು ಒಲೆಯಲ್ಲಿ ಸೌಟಿನ ಹಿಡಿ ಕಾಯಿಸಿ ತಂದುಕೊಟ್ಟೆ. ಇಬ್ಬರೂ ಹೊಸ್ತಿಲ ಆಚೆ ಈಚೆ ಕೂತೆವು. ಅವಳು ಬಿಸಿ ಹಿಡಿಯನ್ನು ಅರಗಿಗೆ ಒತ್ತುತ್ತ, ತುಟಿ ಅಲುಗಿಸದೆ ಹೇಳಿದಳು:

"ನಾಳೆ ದಾಳ ಅಂತೆ, ಅತ್ತಿಗೆ."

ನನ್ನನ್ನು ಅವಳು ಹಾಗೆ ಮುಂಚೆ ಒಮ್ಮೆಯೂ ಕರೆದಿರಲಿಲ್ಲ. ಈಗ ಕರೆಯುವಂತೆಯೂ ಇರಲಿಲ್ಲ.

"ದಾಳ ಅಂದ್ರೆ?"

"ಪಟ್ಟಣದಿಂದ ತರಿಸವ್ರೆ ಟೀಚರ್. ಆರು ಮುಖ ಇರ್ತದಂತೆ. ಒಬ್ಬೊಬ್ರಿಗೆ ಯಾವ್ಯಾವ ಮುಖ ಬೀಳ್ತದೋ ನೋಡ್ಬೇಕು ಅಂತ ಎಲ್ಲಾರೂ ಕುಣೀತಾವ್ರೆ."

"ಬೆಂಚು ಹತ್ತಿಸ್ತಾರಾ?"

"ಟೀಚರ್ ಬ್ಯಾಡ ಅಂದ್ರು. ಹುಡುಗ್ರೇ ಹತ್ತೇ ಹತ್ತೀವಿ ಅಂತಾವ್ರೆ."

"ನಿನ್ ಸರದಿ ಯಾವಾಗ?"

"ಹಿಂದಿನ್ಸಲ ಬಿಟ್ಟೋದೋರಿಂದ ಶುರು. ನಂದೇ ಮೊದ್ಲು."

ನಾನು ಸೌಟನ್ನು ಅವಳ ಕೈಯಿಂದ ತೆಗೆದುಕೊಂಡೆ, ಅವಳ ಬೆರಳು ಸುಡುತ್ತಿತ್ತು. "ಬೆಲ್ ಹೊಡೆಯೋಕೆ ಮುಂಚೆ ಬಂದು ಬಾಗಿಲಲ್ಲಿ ನಿಂತಿರ್ತೀನಿ," ಅಂದೆ. ಅವಳು ತಲೆಯಾಡಿಸಲಿಲ್ಲ, ನನ್ನನ್ನು ನೋಡಲೂ ಇಲ್ಲ. ಬೀದಿಯ ತಿರುವಿನಿಂದ ಅವಳ ತಾಯಿ, "ಏನೇ ಅದು ಇನ್ನೂ?" ಎಂದು ಕೂಗಿದಳು.

"ಬಂದೆ ಕಣವ್ವ. ಅರಗು ಬಿಡ್ತಾ ಇಲ್ಲ," ಎಂದು ತನುಜ ಕೂಗಿ ಹೇಳಿದಳು. ಕವಡೆ ಆಗಲೇ ಕಿತ್ತುಬಂದು ಅವಳ ಮುಷ್ಟಿಯಲ್ಲಿತ್ತು. ಆದರೂ ಅವಳು ಇನ್ನಷ್ಟು ಹೊತ್ತು ಅಲ್ಲೇ ಕೂತಿದ್ದಳು.